ಎಡಗೆನ್ನೆಯ ಸುಮಿಯೆ ಸಾನ್

ಸುಮಿಯೆ ಸಾನ್ ಯಾರಿಗೂ ತಮ್ಮ ಬಲಗೆನ್ನೆ ತೋರಿಸುತ್ತಿರಲಿಲ್ಲ. ಲಿಫ್ಟಿನಲ್ಲಿ ಬಲಗಡೆಯ ಗೋಡೆಗೆ ಅಂಟಿಕೊಂಡು ನಿಲ್ಲುವರು. ಲಾಬಿಯ ಸೋಫಾದಲ್ಲಿ ಬಲತುದಿಗೇ ಕೂರಬೇಕು. ಅಲ್ಲಿ ಬೇರೆ ಯಾರಾದರೂ ಕೂತಿದ್ದರೆ ಎದುರಿಗೆ ನಿಂತು, ಅವರು ಏಳುವವರೆಗೂ ಮುಗುಳ್ನಗುತ್ತಲೇ ಇರುವರು. ಎಪ್ಪತ್ತೇಳು ವರ್ಷದ ಮುದುಕಿ ಹಾಗೆ ನಗುತ್ತ ನಿಂತರೆ ಎಂಥವರೂ ಎದ್ದು ಜಾಗ ಬಿಡಬೇಕು. ಯಾಕೆ ಹೀಗೆ ಅಂತ ಒಮ್ಮೆ ಕೇಳಿದ್ದಕ್ಕೆ, "ಕ್ಯಾಮೆರಾಗೆ ನನ್ನ ಎಡಗೆನ್ನೆ ಇಷ್ಟ" ಅಂದರು. ಅವರು ಕೊನೆಯ ಸಲ ಕ್ಯಾಮೆರಾದ ಮುಂದೆ ನಿಂತು ನಲವತ್ತು ವರ್ಷ ದಾಟಿತ್ತು ಅನ್ನುವುದು ಬೇರೆ ಮಾತು.

ನಾವು ಕೆನಡಾದ ಮಿಸಿಸಾಗದ ಆ ಕಾಂಡೋ ಬಿಲ್ಡಿಂಗಿಗೆ ಬಂದದ್ದು 2015ರಲ್ಲಿ. ಹನ್ನೊಂದನೇ ಮಹಡಿ, ಅವರದು ಎದುರುಬಾಗಿಲು. ಸಾನ್ ಅಂದರೆ ಅವರ ಜಪಾನಿಯಲ್ಲಿ ನಮ್ಮ 'ಅವರು' ಇದ್ದ ಹಾಗೆ. ಹೊಸಬರು ಅಂತ ಒಂದು ಬಟ್ಟಲು ಗಿರ್ಮಿಟ್ ಮಾಡಿಕೊಂಡು ಹೋಗಿ ಕೊಟ್ಟೆ. ಹುಬ್ಬಳ್ಳಿಯವಳು ನಾನು, ಮತ್ತೇನು ಕೊಡಲಿ? ಅವರು ಬಟ್ಟಲಿಗೆ ಒಂದು ಸಲ ತಲೆಬಾಗಿ, ಚಾಪ್‌ಸ್ಟಿಕ್ಕಿನಲ್ಲಿ ಒಂದೊಂದೇ ಚುರುಮುರಿ ಹೆಕ್ಕಿ ತಿಂದರು. ಮುಗಿಯಲು ಮುಕ್ಕಾಲು ಗಂಟೆ ಬೇಕಾಯಿತು. ಸುಮ್ಮನೆ ನೋಡುತ್ತ ಕೂತಿರಲು ಆಗದೆ ನಾನು ಮಾತಾಡಿದೆ. ಕೆಲಸದ ವಿಷಯ, ಗಂಡನ ವಿಷಯ, ಬೆಂಗಳೂರು ಏರ್‌ಪೋರ್ಟಿನಲ್ಲಿ ಹಿಡಿದಿಟ್ಟುಕೊಂಡ ನನ್ನ ಉಪ್ಪಿನಕಾಯಿ ಡಬ್ಬಿಯ ವಿಷಯ. ಅವರು ಕೇಳಿದರು. ಅಬ್ಬಾ, ಏನು ಕೇಳುವುದದು! ಕತ್ತು ಒಂಚೂರು ಓರೆ ಮಾಡಿ, ಕಣ್ಣು ನನ್ನ ಮುಖದಿಂದ ಕದಲಿಸದೆ, ಎಲ್ಲಿ ತಲೆದೂಗಬೇಕೋ ಅಲ್ಲೇ ತಲೆದೂಗಿ, ಉಪ್ಪಿನಕಾಯಿ ಹೋದಲ್ಲಿ ಕಣ್ಣು ಮುಚ್ಚಿ ತೆರೆದು. ನನ್ನ ಜನ್ಮದಲ್ಲಿ ಯಾರೂ ನನ್ನ ಮಾತನ್ನು ಹಾಗೆ ಕೇಳಿರಲಿಲ್ಲ.

ಅಲ್ಲಿಂದ ಶುರುವಾಯಿತು. ಬುಧವಾರ, ಶುಕ್ರವಾರ ನನಗೆ ಮನೆಯಿಂದಲೇ ಆಫೀಸು. ಮಧ್ಯಾಹ್ನ ಮೂರಕ್ಕೆ ಲ್ಯಾಪ್‌ಟಾಪ್ ಮುಚ್ಚಿ ಎದುರುಮನೆಗೆ ಟೀಗೆ ಹೋಗುವೆ. ಮೊದಮೊದಲು ಇಂಗ್ಲಿಷಿನಲ್ಲೇ ಗೋಳು ಹೇಳಿಕೊಳ್ಳುತ್ತಿದ್ದೆ. ಎರಡನೇ ತಿಂಗಳಿಗೆ, ಸಿಟ್ಟು ಬಂದಾಗ ತಂತಾನೇ ಕನ್ನಡ ಹೊರಟಿತು. ಅವರು ಅದಕ್ಕೂ ಸರಿಯಾದ ಜಾಗದಲ್ಲೇ ತಲೆದೂಗಿದರು. ಆಮೇಲೆ ಇಂಗ್ಲಿಷ್ ಯಾಕೆ ಬೇಕು? ಮನೆಗೆ ಬಂದು ಗಂಡನಿಗೆ, "ಆ ಅಜ್ಜಿಗೆ ನನ್ನ ಕನ್ನಡ ತಿಳೀತದ್ರೀ" ಅಂದೆ.

"ಇಪ್ಪತ್ತು ವರ್ಷ ಆತು, ನನಗ ತಿಳಿವಲ್ದು, ಜಪಾನದಾಕಿಗೆ ತಿಳೀತಂತ" ಅಂದ ಆ ಮಹಾನುಭಾವ, ಟಿವಿಯಿಂದ ಕಣ್ಣು ತೆಗೆಯದೆ.

ಸುಮಿಯೆ ಸಾನ್ ಒಂದು ಕಾಲದ ಸಿನಿಮಾ ನಟಿ ಅಂತ ನನಗೆ ಗೊತ್ತಾದದ್ದು ಗೋಡೆಯ ಮೇಲಿನ ಕಪ್ಪುಬಿಳುಪು ಫೋಟೋದಿಂದ. ಅದರಲ್ಲಿ ಚಂದದ ಹೆಣ್ಣೊಬ್ಬಳು ಅಳುತ್ತ ಏನೋ ಹೇಳುತ್ತಿದ್ದಾಳೆ. "ಎಷ್ಟು ಚೆನ್ನಾಗಿದ್ದಿರಿ!" ಅಂದೆ. "ಅವಳು ನಾನಲ್ಲ. ಹಿಂದೆ ನೋಡು, ಬಾಗಿಲ ಹತ್ತಿರ." ಕಣ್ಣು ಕಿರಿದು ಮಾಡಿ ನೋಡಿದರೆ ಮಂಜುಮಂಜಾಗಿ ಒಂದು ಹುಡುಗಿ, ಮಡಿಲಲ್ಲಿ ಕೈಯಿಟ್ಟುಕೊಂಡು ಕೂತಿದ್ದಾಳೆ. "ಏನು ಮಾಡ್ತಿದ್ದೀರಿ ಅಲ್ಲಿ?" "ಕೇಳ್ತಾ ಇದ್ದೀನಿ."

ಅದೇ ಅವರ ವೃತ್ತಿ. ಹತ್ತೊಂಬತ್ತನೇ ವಯಸ್ಸಿಗೆ ಸ್ಟುಡಿಯೋ ಸೇರಿ, ನಲವತ್ತಕ್ಕೂ ಹೆಚ್ಚು ಸಿನಿಮಾಗಳಲ್ಲಿ ನಾಯಕಿಯ ಮಾತು ಕೇಳಿದ್ದರು. ನಾಯಕಿಯ ತಂಗಿಯಾಗಿ, ನಾದಿನಿಯಾಗಿ, ಮನೆಗೆಲಸದವಳಾಗಿ, ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯ ರೋಗಿಯಾಗಿ. ಅಷ್ಟೂ ಸಿನಿಮಾಗಳಲ್ಲಿ ತಾವು ಆಡಿದ ಮಾತನ್ನೆಲ್ಲ ಸೇರಿಸಿದರೆ ನನ್ನ ಒಂದು ಬುಧವಾರಕ್ಕೂ ಸಾಲದು ಅನ್ನುತ್ತಿದ್ದರು. ಆದರೆ ಅವರ ಪಾಠಗಳು ಬಲು ಬಿಗಿ. ಕೇಳುವಾಗ ಕೈಯಲ್ಲಿ ಬಿಸಿ ಲೋಟ ಇರಬೇಕು, ಆಗ ಕೈ ನಟನೆ ಮಾಡಲು ಹೋಗುವುದಿಲ್ಲ. ವಾಕ್ಯ ಮುಗಿದಾಗ ರೆಪ್ಪೆ ಬಡಿಯಬಾರದು, ನಡುವೆ ಬಡಿಯಬೇಕು. "ಮುಗಿದಾಗ ಬಡಿದರೆ, ಸದ್ಯ ಮುಗೀತಲ್ಲ ಅಂದ ಹಾಗೆ" ಎಂದು ತೋರಿಸಿಕೊಟ್ಟರು. ನನ್ನ ಗಂಡ ಥೇಟ್ ಹಾಗೇ ಬಡಿಯುತ್ತಾನೆ.

ಮದುವೆಯಾಗಿ ಗಂಡನ ಜೊತೆ ಕೆನಡಾಕ್ಕೆ ಬಂದ ಮೇಲೆ ಸಿನಿಮಾ ನಿಂತಿತು. ರೆಕ್ಸ್‌ಡೇಲಿನ ಒಂದು ತಗಡಿನ ಡಬ್ಬಿ ಫ್ಯಾಕ್ಟರಿಯಲ್ಲಿ ಇಪ್ಪತ್ತಾರು ವರ್ಷ ದುಡಿದರು. ಅಲ್ಲಿ ಯಾರಿಗೂ ತಾವು ನಟಿ ಅಂತ ಹೇಳಲೇ ಇಲ್ಲವಂತೆ. ಯಾಕೆ ಅಂದರೆ, "ಆ ಮಷೀನಿನ ಗಲಾಟೆಯಲ್ಲಿ ಹೇಳಿದರೂ ಯಾರಿಗೆ ಕೇಳಬೇಕು?" ಅಂದು ನಕ್ಕರು. ನಾನೂ ನಕ್ಕೆ. ಪೆದ್ದಿ ನಾನು, ಆವತ್ತೇ ಹೊಳೆಯಬೇಕಿತ್ತು.

ಹೊಳೆದದ್ದು 2018ರ ಫೆಬ್ರವರಿಯಲ್ಲಿ. ಯಾರೋ ಬ್ರೆಡ್ಡು ಸುಡಲು ಹೋಗಿ ಇಡೀ ಬಿಲ್ಡಿಂಗಿನ ಫೈರ್ ಅಲಾರಂ ಹೊಡೆದುಕೊಂಡಿತು. ಕಿವಿ ಹರಿದುಹೋಗುವ ಸದ್ದು. ಎಲ್ಲರೂ ಜಾಕೆಟ್ಟು ಸಿಕ್ಕಿಸಿಕೊಂಡು ಮೆಟ್ಟಿಲ ಕಡೆ ಓಡಿದರು, ಎದುರುಬಾಗಿಲು ಮಾತ್ರ ತೆರೆಯಲಿಲ್ಲ. ಬಡಿದೆ, ಬಡಿದೆ, ಕೊನೆಗೆ ನನ್ನ ಹತ್ತಿರವಿದ್ದ ಅವರ ಇನ್ನೊಂದು ಬೀಗದ ಕೈಯಿಂದ ತೆಗೆದು ಒಳನುಗ್ಗಿದೆ. ಸುಮಿಯೆ ಸಾನ್ ನನಗೆ ಬೆನ್ನು ಹಾಕಿ ನಿಂತು ಕರವಸ್ತ್ರಕ್ಕೆ ಇಸ್ತ್ರಿ ಮಾಡುತ್ತಿದ್ದರು. ಅಲಾರಂ ಅವರ ನೆತ್ತಿಯ ಮೇಲೇ ಬೊಬ್ಬೆ ಹೊಡೆಯುತ್ತಿದೆ, ಈಯಮ್ಮ ಮಡಿಕೆಯ ಅಂಚು ಸರಿ ಮಾಡುತ್ತಿದ್ದಾರೆ. ಹೆಗಲು ಮುಟ್ಟಿದೆ. ಬೆಚ್ಚಿಬಿದ್ದರು. ಆದರೂ ನಟಿ ನಟಿಯೇ ನೋಡಿ. ಕ್ಷಣದಲ್ಲಿ ಮುಖ ಸರಿಮಾಡಿಕೊಂಡು, ಎಡಗೆನ್ನೆ ತಿರುಗಿಸಿ, "ಟೀ ಕುಡೀತೀಯಾ?" ಅಂದರು.

ಬಲಗಿವಿ ಪೂರ್ತಿ ಹೋಗಿ ವರ್ಷಗಳಾಗಿದ್ದವು. ಎಡಗಿವಿಯಲ್ಲಿ ಹತ್ತಿರ ಬಂದು ಕೂಗಿದರೆ ಒಂಚೂರು. ಉಳಿದದ್ದೆಲ್ಲ, ಇಂಗ್ಲಿಷಾದರೆ, ಎದುರಿನವರ ತುಟಿ ನೋಡಿ. ಮೂರು ವರ್ಷ ಈಯಮ್ಮನ ಮುಂದೆ ನಾನು ಹೇಳಿಕೊಂಡದ್ದೆಲ್ಲ ಗೋಡೆಗೆ ಹೇಳಿದಂತಾಯಿತಲ್ಲ ಅಂತ ನನಗೆ ಮೈಯೆಲ್ಲ ಉರಿಯಿತು. ಅಲಾರಂ ನಿಂತ ಮೇಲೆ ಅವರ ಎಡಗಿವಿಯ ಹತ್ತಿರ ಹೋಗಿ ಕೂಗಿದೆ, "ನಾನು ಹೇಳಿದ್ದು ಒಂದಾದರೂ ಗೊತ್ತಾ ನಿಮಗೆ?"

ಅವರು ಇಸ್ತ್ರಿಪೆಟ್ಟಿಗೆ ಎತ್ತಿಟ್ಟು ಶಾಂತವಾಗಿ ಹೇಳಿದರು. "ಬುಧವಾರ ಬಾಸು. ಶುಕ್ರವಾರ ಗಂಡ. ಬಾಸಿನ ದಿನ ಬಿಸ್ಕತ್ತು ಜಾಸ್ತಿ ತಿಂತೀಯ. ಗಂಡನ ದಿನ ಕೈ ಜಾಸ್ತಿ ಬೀಸ್ತೀಯ. ನವೆಂಬರ್‌ನಲ್ಲಿ ಇನ್ನೊಂದು ಇದೆ, ಯಾರೋ ನಿನ್ನನ್ನ ಅಡುಗೆಮನೆಗೆ ಕಳಿಸಿದ್ದಾರೆ, ಸೌಟು ತಿರುವಿ ತೋರಿಸ್ತೀಯ. ಅದನ್ನ ಹೇಳುವಾಗ ಮಾತ್ರ ನಿನ್ನ ಗಲ್ಲ ನಡುಗುತ್ತೆ."

ಪ್ರತಿ ನವೆಂಬರಿನಲ್ಲಿ ನಮ್ಮ ಕನ್ನಡ ಬಳಗದವರು ನಾಟಕದಲ್ಲಿ ಪಾತ್ರ ಕೊಡುತ್ತೇವೆ ಅಂತ ಆಸೆ ಹುಟ್ಟಿಸಿ, ಕಡೆಗೆ ಇನ್ನೂರು ಜನಕ್ಕೆ ಉಪ್ಪಿಟ್ಟು ತಿರುವಲು ನನ್ನನ್ನು ನಿಲ್ಲಿಸುತ್ತಿದ್ದರು. ಆ ಸಂಕಟ ನನ್ನ ಗಂಡನಿಗೂ ಗೊತ್ತಿರಲಿಲ್ಲ.

ಬಿಲ್ಡಿಂಗಿನವರು ಫೋನು ಮಾಡಿ ಸ್ಟೌಫ್‌ವಿಲ್ ಅನ್ನುವ ಊರಲ್ಲಿದ್ದ ಮಗಳು ನವೋಮಿಯನ್ನು ಕರೆಸಿದರು. ಅವಳು ಕೆಟ್ಟವಳೇನಲ್ಲ. "ಅಮ್ಮಾ, ಬೆಂಕಿ ಬಿದ್ದರೂ ನಿನಗೆ ಗೊತ್ತಾಗಲ್ಲ. ಇನ್ನು ಒಬ್ಬಳೇ ಇರೋದು ಬೇಡ, ನಮ್ಮನೆಗೆ ಬಾ" ಅಂದಳು. ನ್ಯಾಯವೇ. ಸುಮಿಯೆ ಸಾನ್ ಎದ್ದು ಹೋಗಿ ಡ್ರಾಯರಿನಿಂದ ಒಂದು ಕಾಗದ ತಂದು ಮೇಜಿನ ಮೇಲಿಟ್ಟರು. ಸ್ಕ್ರಿಪ್ಟಿನ ಒಂದು ಹಾಳೆ. ಹಿಂದಿನ ತಿಂಗಳು ಜಪಾನಿ ಹಿರಿಯರ ಕೂಟಕ್ಕೆ ಒಬ್ಬ ಹುಡುಗಿ ಬಂದಿದ್ದಳಂತೆ, ತಾನು ನಿರ್ದೇಶಿಸುವ ಮೊದಲ ಸಿನಿಮಾಗೆ ಒಬ್ಬ ಅಜ್ಜಿಯನ್ನು ಹುಡುಕಿಕೊಂಡು. ಮಗ ವರ್ಷಗಳ ಮೇಲೆ ಮನೆಗೆ ಬಂದು ಅಡುಗೆಮನೆಯಲ್ಲಿ ಕೂತು ತನ್ನ ತಪ್ಪು ಒಪ್ಪಿಕೊಳ್ಳುತ್ತಾನೆ, ತಾಯಿ ಕೇಳುತ್ತಾಳೆ. ಹಾಳೆಯ ಕೊನೆಯ ಸಾಲಿನ ಕೆಳಗೆ ಸುಮಿಯೆ ಸಾನ್ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು: ತಾಯಿಯ ಮುಖ, ಕ್ಲೋಸಪ್.

"ನಲವತ್ತು ಸಿನಿಮಾ, ಒಂದು ಕ್ಲೋಸಪ್ ಇಲ್ಲ" ಅಂದರು ಮಗಳಿಗೆ. "ಎಲ್ಲದರಲ್ಲೂ ನಾನು ಬಾಗಿಲ ಹತ್ತಿರ. ಇದೊಂದು ಮುಗಿಯಲಿ, ನೀನು ಕರೆದ ಕಡೆ ಬರ್ತೀನಿ. ಕಿವಿಯ ವಿಷಯ ಮಾತ್ರ ಅವರಿಗೆ ಹೇಳಬೇಡ. ಹೇಳಿದರೆ ಪಾಪ ಅಂತಾರೆ. ಪಾಪ ಅಂದವರು ಕ್ಯಾಮೆರಾ ದೂರ ಇಡ್ತಾರೆ." ನವೋಮಿ ನನ್ನ ಮುಖ ನೋಡಿದಳು. "ನಾನು ಜೊತೆಗೆ ಹೋಗ್ತೀನಿ" ಅಂದುಬಿಟ್ಟೆ, ಯಾರೂ ಕೇಳದಿದ್ದರೂ.

ಏಪ್ರಿಲ್ಲಿನಲ್ಲಿ ಶೂಟಿಂಗು. ರೆಕ್ಸ್‌ಡೇಲಿನ ಒಂದು ಹಳೇ ಮನೆ, ಡಬ್ಬಿ ಫ್ಯಾಕ್ಟರಿಯಿಂದ ನಾಲ್ಕೇ ಬೀದಿ ಆಚೆ. ನಮ್ಮಿಬ್ಬರ ಸಂಚು ಹೀಗಿತ್ತು: ನಾನು ಹಳದಿ ದುಪಟ್ಟಾ ಹೊದ್ದು ಕ್ಯಾಮೆರಾದ ಹಿಂದೆ ನಿಲ್ಲಬೇಕು. ನಿರ್ದೇಶಕಿ ಆಕ್ಷನ್ ಅಂದರೆ ದುಪಟ್ಟಾ ಹೆಗಲ ಮೇಲೆ, ಕಟ್ ಅಂದರೆ ಕೆಳಗೆ. ಬೆಳಿಗ್ಗೆಯೆಲ್ಲ ಸಲೀಸಾಗಿ ನಡೆಯಿತು. ಮಗನ ಪಾತ್ರದವನು ಎದುರಿಗೇ ಕೂತು ಮಾತಾಡಿದ, ಇವರು ಅವನ ತುಟಿ ನೋಡಿಕೊಂಡು ಕೇಳಿದರು. ಮಧ್ಯಾಹ್ನ ಕ್ಲೋಸಪ್ಪಿನ ಹೊತ್ತಿಗೆ ಆ ಪುಣ್ಯಾತ್ಮ ತನ್ನ ಕೆಲಸ ಮುಗಿಯಿತು ಅಂತ ಹೊರಟುಹೋದ. ಅವನ ಮಾತನ್ನು ಓದಲು ಕ್ಯಾಮೆರಾದ ಪಕ್ಕ ಒಬ್ಬ ಸಹಾಯಕನನ್ನು ಕೂರಿಸಿದರು. ಅವನೋ, ಹಾಳೆಯನ್ನು ಮುಖಕ್ಕೇ ಹಿಡಿದು ಓದಿದ. ತುಟಿಯೇ ಕಾಣದು.

ಮೊದಲ ಟೇಕು ಕೆಟ್ಟಿತು. ಎರಡನೆಯದೂ. ಸುಮಿಯೆ ಸಾನ್ ಅವರ ಕಣ್ಣು ಹಾಳೆಯ ಮೇಲೆ ಜಾಗ ಸಿಗದೆ ಅಲೆಯುತ್ತಿತ್ತು. ರೆಪ್ಪೆ ಎಲ್ಲೆಲ್ಲೋ ಬಡಿಯಿತು. ನಿರ್ದೇಶಕಿ ಕ್ಯಾಮೆರಾದವನ ಹತ್ತಿರ ಬಗ್ಗಿ, "ಅವರಿಗೆ ಕಿವಿ ಕೇಳುತ್ತೆ ತಾನೇ? ದೂರದಿಂದ ತೆಗೆದುಬಿಡೋಣವಾ?" ಅಂದದ್ದು ನನ್ನ ಕಿವಿಗೆ ಬಿತ್ತು.

ಸುಮಿಯೆ ಸಾನ್‌ಗೆ ಅದು ಕೇಳಿಸಿರಲು ಸಾಧ್ಯವಿಲ್ಲ. ಆದರೆ ನನ್ನ ಮುಖ ಕಂಡಿತಲ್ಲ, ಸಾಕು. ಬೆನ್ನು ನೆಟ್ಟಗೆ ಮಾಡಿ, ಮಹಾರಾಣಿಯ ಗತ್ತಿನಲ್ಲಿ, "ನಮ್ಮ ಸ್ಟುಡಿಯೋದಲ್ಲಿ ಕ್ಲೋಸಪ್ಪಿಗೆ ಕಾಗದದ ಜೊತೆ ನಟಿಸ್ತಿರಲಿಲ್ಲ. ಶಾರದಾ ಸಾನ್ ಕೂರಲಿ" ಅಂದರು ನನ್ನತ್ತ ಕೈ ತೋರಿಸಿ. ತಮಗೆ ಯಾವ ಸ್ಟುಡಿಯೋವೂ ಕ್ಲೋಸಪ್ಪೇ ಕೊಟ್ಟಿರಲಿಲ್ಲ ಅನ್ನುವುದನ್ನು ನುಂಗಿಕೊಂಡು! ನಿರ್ದೇಶಕಿ ನನಗೆ, "ಸರಿ, ಮಗನ ಧ್ವನಿ ಬೆಳಿಗ್ಗೆಯೇ ರೆಕಾರ್ಡ್ ಆಗಿದೆ. ನೀವು ಏನಾದರೂ ಹೇಳಿ, ಅವರು ಕೇಳಿಸಿಕೊಳ್ಳೋ ಹಾಗಿದ್ದರೆ ಸಾಕು" ಅಂದಳು.

ಮರದ ಡಬ್ಬದ ಮೇಲೆ ಕೂತೆ. ಹಾಳೆಯಲ್ಲಿ ಅಕ್ಷರಗಳು ಕುಣಿದವು. ಕೆಳಗಿಟ್ಟುಬಿಟ್ಟೆ. ಸುಮಿಯೆ ಸಾನ್ ಬಿಸಿ ಲೋಟ ಹಿಡಿದು, ಕತ್ತು ಒಂಚೂರು ಓರೆ ಮಾಡಿ ನನ್ನನ್ನೇ ನೋಡಿದರು. ಬುಧವಾರ ಮೂರು ಗಂಟೆಗೆ ನೋಡುವ ಹಾಗೆ. ದುಪಟ್ಟಾ ಹೆಗಲಿಗೆ ಹಾಕಿದೆ. ಹುಬ್ಬಳ್ಳಿ ತಾನಾಗಿಯೇ ಬಾಯಿಗೆ ಬಂತು.

"ಮಗಳ ಮನಿಗೆ ಹೊಂಟೀರಿ, ಭಾಳ ಚಲೋ ಆತು ಅಂತ ನಿಮ್ಮ ಮುಂದ ಹೇಳೇನಿ. ಸುಳ್ಳದು. ನನಗ ಸಿಟ್ಟು ಬಂದದ. ಇಷ್ಟ್ ದೊಡ್ಡ ಊರಾಗ ನನ್ನ ಮಾತು ಕೇಳಾವ್ರು ನೀವೊಬ್ಬರೇ ಇದ್ರಿ, ನಿಮಗ ನೋಡಿದ್ರ ಕಿವೀನ ಇಲ್ಲ. ಇನ್ನ ಬುಧವಾರ ಮೂರಕ್ಕ ನಾ ಎಲ್ಲಿಗೆ ಹೋಗ್ಲಿ? ಯಾರ ಮುಂದ ಕುಂದರ್‍ಲಿ? ಹೋಗಬ್ಯಾಡ್ರಿ ಅನ್ನಾಕ ನಾ ನಿಮಗೇನೂ ಆಗಬೇಕಿಲ್ಲ. ಆದ್ರೂ ಹೋಗಬ್ಯಾಡ್ರಿ."

ಅವರ ರೆಪ್ಪೆ ಒಂದೇ ಸಲ ಬಡಿಯಿತು, ಮಾತಿನ ನಟ್ಟನಡುವೆ. ಕಣ್ಣು ತುಂಬಿತು, ಹರಿಯಲಿಲ್ಲ. ಕಟ್ ಅಂದದ್ದು ನನಗೆ ಕೇಳಿಸಲಿಲ್ಲ, ದುಪಟ್ಟಾ ಎಳೆಯುವುದು ಮರೆತೇಹೋಯಿತು. ಅವರು ಕೇಳುತ್ತಲೇ ಇದ್ದರು, ನಾನು ಹೇಳುತ್ತಲೇ ಇದ್ದೆ.

ವಾಪಸು ಬರುವಾಗ ಕಾರಿನಲ್ಲಿ ಅವರು ಮುಂದಿನ ಸೀಟಿನಲ್ಲಿ ಎಡಗೆನ್ನೆ ನನ್ನತ್ತ ಹೊರಳಿಸಿ ಕೂತರು. "ನಿನ್ನ ಡೈಲಾಗು ಚೆನ್ನಾಗಿತ್ತು" ಅಂದರು. "ಆದರೆ ಉದ್ದ. ಅರ್ಧ ಕತ್ತರಿಸು."

ಮೇ ತಿಂಗಳಲ್ಲಿ ಎದುರುಮನೆ ಖಾಲಿಯಾಯಿತು. ಕೊನೆಯ ಸಲ ನಾನು ಅವರನ್ನು ನೋಡಿದ್ದು ಮರುವರ್ಷದ ಚಳಿಗಾಲದಲ್ಲಿ. ಯೂನಿಯನ್ ಸ್ಟೇಷನ್ನಿನಲ್ಲಿ ರೈಲು ಬದಲಿಸಿ, ಗಿರ್ಮಿಟ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಸ್ಟೌಫ್‌ವಿಲ್‌ಗೆ ಹೋದೆ. ಮಗಳು ಎರಡೂ ಕಿವಿಗೆ ಮಷೀನು ಹಾಕಿಸಿದ್ದಳು. "ಈಗ ಎಲ್ಲ ಕೇಳುತ್ತೆ" ಅಂದರು ಮುಖ ಸಿಂಡರಿಸಿ, "ಫ್ರಿಜ್ಜು ಕೂಡ. ಅದು ದಿನಾ ಒಂದೇ ಮಾತು ಹೇಳುತ್ತೆ." ನಾನು ಬಾಸಿನ ವಿಷಯ ಶುರು ಮಾಡಿದೆ. ಕೈಯೆತ್ತಿ ತಡೆದರು. ಎರಡೂ ಮಷೀನು ತೆಗೆದು ತಟ್ಟೆಯಲ್ಲಿಟ್ಟು, ಬಿಸಿ ಲೋಟ ಹಿಡಿದು, ಕತ್ತು ಓರೆ ಮಾಡಿ, "ಈಗ ಹೇಳು" ಅಂದರು.

ಅದೇ ವರ್ಷ ಜುಲೈಯಲ್ಲಿ ನವೋಮಿ ಫೋನು ಮಾಡಿ, ಅಮ್ಮ ನಿದ್ದೆಯಲ್ಲೇ ಹೋದರು ಅಂತ ತಿಳಿಸಿದಳು. ಸಿನಿಮಾ ಇನ್ನೂ ಮುಗಿದಿರಲಿಲ್ಲ, ತಮ್ಮ ಕ್ಲೋಸಪ್ ಅವರು ನೋಡಲೇ ಇಲ್ಲ.

ನವೆಂಬರಿನ ಒಂದು ಬುಧವಾರ ನಿರ್ದೇಶಕಿ ಸಿನಿಮಾದ ಲಿಂಕು ಕಳಿಸಿದಳು. ಮಧ್ಯಾಹ್ನ ಮೂರಕ್ಕೆ ನೋಡಲು ಕೂತೆ. ಕೊನೆಗೆ ಬಂತು ಆ ಅಡುಗೆಮನೆ. ಸ್ಕ್ರೀನಿನ ತುಂಬ ಸುಮಿಯೆ ಸಾನ್. ಎಡಗೆನ್ನೆ, ಬಲಗೆನ್ನೆ, ಎರಡೂ. ಹಿಂದಿನಿಂದ ಮಗನ ದನಿ ಇಂಗ್ಲಿಷಿನಲ್ಲಿ ಏನೇನೋ ತಪ್ಪು ಒಪ್ಪಿಕೊಳ್ಳುತ್ತಿತ್ತು. ಪಾಪ, ನೋಡುವವರೆಲ್ಲ ಆ ತಾಯಿ ಕೇಳುತ್ತಿರುವುದು ಅವನನ್ನೇ ಅಂದುಕೊಳ್ಳುತ್ತಾರೆ.

ನಾನು ಸೌಂಡು ಪೂರ್ತಿ ಬಂದ್ ಮಾಡಿದೆ. ರೆಪ್ಪೆ ಬಡಿಯುವ ಜಾಗಕ್ಕೆ ಸರಿಯಾಗಿ ನಿಲ್ಲಿಸಿ, ಬಿಸ್ಕತ್ತಿನ ಡಬ್ಬಿ ಹತ್ತಿರ ಎಳೆದುಕೊಂಡೆ.

"ಕೇಳ್ರಿ ಇಲ್ಲೆ" ಅಂದೆ. "ಈ ವರ್ಷಾನೂ ಉಪ್ಪಿಟ್ಟಿಗೇ ನಿಲ್ಲಿಸ್ಯಾರ."