ಆರು ತಿಂಗಳ ಅಧ್ಯಕ್ಷರು

ಕರ್ನಲ್ಲರ ಹೆಸರನ್ನು ಸೂಚಿಸಿದವಳು ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಬೇರೆಯವರು ಎತ್ತಿ ಆಡುವುದು ಬೇಡ.

ಆಗ ಇಂಗ್ಲೆಂಡಿನ ಸಟನ್ ಕೋಲ್ಡ್‌ಫೀಲ್ಡಿನ ನಮ್ಮ ಕನ್ನಡ ಸಂಘ ಇಬ್ಭಾಗವಾಗುವುದರಲ್ಲಿತ್ತು. ರಾಜ್ಯೋತ್ಸವದ ದಿನ ದೀಪ ಹಚ್ಚಲು ಯಾರನ್ನು ಮೊದಲು ವೇದಿಕೆಗೆ ಕರೆಯಬೇಕಿತ್ತು ಎಂಬ ವಿಷಯಕ್ಕೆ ಇಬ್ಬರು ಹಿರಿಯ ಡಾಕ್ಟರುಗಳು ಮಾತು ಬಿಟ್ಟಿದ್ದರು. ದಿನವಿಡೀ ಬೇರೆಯವರ ಎದೆ ಬಿಚ್ಚಿ ಹೊಲಿಯುವವರು, ಒಂದು ಬತ್ತಿಗಾಗಿ ಹೀಗೆ! ಆಗಿನ ಅಧ್ಯಕ್ಷರು ಬೇಸತ್ತು ರಾಜೀನಾಮೆ ಕೊಟ್ಟರು. ಎರಡೂ ಬಣಕ್ಕೆ ಸೇರದವರು ಒಬ್ಬರೇ ಉಳಿದಿದ್ದರು: ಸೈನ್ಯದಿಂದ ನಿವೃತ್ತರಾಗಿ ಇಲ್ಲಿಯ ಮಗಳ ಮನೆಗೆ ಬಂದಿದ್ದ ಧಾರವಾಡದ ಕರ್ನಲ್. "ಆರು ತಿಂಗಳಿಗೆ ಮಾತ್ರ ಅವರು ಹಂಗಾಮಿ ಅಧ್ಯಕ್ಷರಾಗಲಿ, ಆಮೇಲೆ ಚುನಾವಣೆ ಮಾಡೋಣ" ಎಂದೆ. ಚಪ್ಪಾಳೆ ಬಿತ್ತು. ನಮ್ಮಲ್ಲಿ ಕೈ ಎಣಿಸುವ ಪದ್ಧತಿಯೇ ಇಲ್ಲ. ಒಬ್ಬರು ಹೆಸರು ಹೇಳುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ, ಚಪ್ಪಾಳೆ, ಅವಿರೋಧ ಆಯ್ಕೆ, ಊಟ.

ಮೊದಮೊದಲು ಅವರು ನನಗೂ ಇಷ್ಟವಾಗಿದ್ದರು. ಮರುಭೂಮಿಯ ಗಡಿಯಲ್ಲಿ ಟೆಲಿಫೋನ್ ತಂತಿ ಎಳೆಸಿದ್ದು, ಹಿಮದಲ್ಲಿ ಕಾಲಿನ ಎರಡು ಬೆರಳು ಹೋದದ್ದು, ಹೆಂಡತಿಯ ಕೊನೆಯ ದಿನಗಳಲ್ಲಿ ರಜೆ ಸಿಗದೇ ಹೋದದ್ದು, ಎಲ್ಲವನ್ನೂ ಹವಾಮಾನ ವರದಿ ಓದಿದಂತೆ ಹೇಳುತ್ತಿದ್ದರು. ಅವರ ಕಾಲದಲ್ಲಿ ಐದೂವರೆ ಎಂದರೆ ಐದೂವರೆಗೇ ಕಾರ್ಯಕ್ರಮ. ಐದು ನಿಮಿಷ ತಡವಾಗಿ ಬಂದ ಕನ್ಸಲ್ಟೆಂಟ್ ಡಾಕ್ಟರೊಬ್ಬರು ಬಿಸಿಬೇಳೆ ಬಾತಿನ ಪಾತ್ರೆ ಹಿಡಿದು ಮುಚ್ಚಿದ ಬಾಗಿಲ ಹೊರಗೆ ನಿಂತದ್ದನ್ನು ಕಿಟಕಿಯಿಂದ ನೋಡಿ ನಾವೆಲ್ಲ ನಕ್ಕೆವು. "ನಮ್ಮ ದೇಶಕ್ಕೂ ಇಂಥವರೊಬ್ಬರು ಐದು ವರ್ಷ ಸಿಕ್ಬೇಕು ಕಣೇ" ಎಂದ ನನ್ನ ಗಂಡ. ನಾನು ತಲೆಯಾಡಿಸಿದೆ. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಆರು ತಿಂಗಳು ಕಳೆಯಿತು. "ಪರಿಸ್ಥಿತಿ ಇನ್ನೂ ತಿಳಿ ಆಗಿಲ್ಲ" ಎಂದರು ಕರ್ನಲ್. ಜಗಳವಾಡಿದ ಡಾಕ್ಟರುಗಳಿಬ್ಬರೂ ಅಷ್ಟರಲ್ಲಿ ಒಟ್ಟಿಗೆ ಗಾಲ್ಫ್ ಆಡುತ್ತಿದ್ದರು. ಹೀಗೇ ಮೂರು ವರ್ಷವಾಯಿತು. ಆಮೇಲೆ ಅವರ ಕಣ್ಣು ನನ್ನ ತರಗತಿಯ ಮೇಲೆ ಬಿತ್ತು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಸಂಘದ ಹಾಲಿನಲ್ಲಿ ಹನ್ನೊಂದು ಮಕ್ಕಳಿಗೆ ನಾನು ಕನ್ನಡ ಕಲಿಸುತ್ತಿದ್ದೆ. ಎಂಟು ವರ್ಷದಿಂದ ನನ್ನದೆಂದು ನಾನು ಮಾಡಿಕೊಂಡು ಬಂದ ಕೆಲಸ ಅದೊಂದೇ. ನಾನು ಕನ್ನಡದಲ್ಲಿ ಕೇಳಿದರೆ ಅವು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದವು, ನಿಜ. ಆದರೆ ಒಬ್ಬ ಹುಡುಗಿ ಮೈಸೂರಿನ ಅಜ್ಜಿಗೆ ಫೋನ್ ಮಾಡಿ "ನಿಮ್ಮ ಮಂಡಿ ನೋವು ಹೇಗಿದೆ?" ಎಂದು ಕೇಳಿದಳಂತೆ, ಅಜ್ಜಿ ಅತ್ತೇಬಿಟ್ಟರಂತೆ. ನನಗೆ ಅಷ್ಟು ಸಾಕಿತ್ತು. ಕರ್ನಲ್ಲರು ಒಂದು ದಿನ ಬಂದು ಹಿಂದೆ ಕೈಕಟ್ಟಿ ನಿಂತು ಕಾಲು ಗಂಟೆ ಕೇಳಿದರು. ಮರುದಿನ ಸಂಘದ ವಾಟ್ಸ್ಯಾಪ್ ಗ್ರೂಪಿನಲ್ಲಿ ಸಂದೇಶ: ಪ್ರಗತಿ ತೃಪ್ತಿಕರವಾಗಿಲ್ಲ, ಮುಂದಿನ ಆದೇಶದವರೆಗೆ ತರಗತಿ ರದ್ದು, ಹಾಲನ್ನು ಗಣರಾಜ್ಯೋತ್ಸವದ ಪಥಸಂಚಲನದ ತಾಲೀಮಿಗೆ ಬಳಸಲಾಗುವುದು. ನನಗೆ ಮೈಯೆಲ್ಲ ಉರಿದುಹೋಯಿತು.

ಏಳು ಮಂದಿ ತಾಯಂದಿರು ಫೋನ್ ಮಾಡಿದರು. "ನೀವು ಮೀಟಿಂಗಲ್ಲಿ ಎದ್ದು ಕೇಳಿ ರೀ, ನಾವೆಲ್ಲ ನಿಮ್ಮ ಹಿಂದೆ ಇದ್ದೀವಿ" ಎಂದಳು ಮಂಡಿ ನೋವು ಕೇಳಿದ ಹುಡುಗಿಯ ತಾಯಿ. ವಾರ್ಷಿಕ ಸಭೆಯಲ್ಲಿ ಎದ್ದೆ. ತರಗತಿ ವಾಪಸ್ಸು ಬೇಕು, ಚುನಾವಣೆ ಬೇಕು, ಈ ಸಲ ಕೈ ಎಣಿಸಬೇಕು ಎಂದೆ.

ಕರ್ನಲ್ಲರಿಗೆ ಸಿಟ್ಟೇ ಬರಲಿಲ್ಲ. "ಆಗಲಿ. ಚುನಾವಣಿ ಯಾರಿಗೆ ಬೇಕ್ರಿ? ಕೈ ಎತ್ರಿ" ಎಂದರು.

ನಾನು ಎತ್ತಿದೆ. ಹಿಂದೆ ತಿರುಗಿ ನೋಡಿದರೆ ಏಳು ಮಂದಿಯೂ ಮೊಬೈಲ್ ನೋಡುತ್ತಿದ್ದರು. ಪಕ್ಕದಲ್ಲಿ ಕುರ್ಚಿ ಸರಿದ ಸದ್ದಾಯಿತು. ಗಂಡ ಎದ್ದಿದ್ದ. ಸದ್ಯ, ಇವನಾದರೂ ಎದ್ದನಲ್ಲ ಅಂದುಕೊಂಡೆ.

"ಹಿರಿಯರು ನಮಗೋಸ್ಕರ ಇಷ್ಟು ಮಾಡಿದಾರೆ. ಇನ್ನೊಂದು ವರ್ಷ ಅವರೇ ಇರಲಿ ಅಂತ ನಾನು ಸೂಚಿಸ್ತೀನಿ" ಎಂದ. ಚಪ್ಪಾಳೆ ಬಿತ್ತು. ಊಟಕ್ಕೆ ಎದ್ದರು.

"ಮುಖ ನೋಡ್ಕೊಂಡು ಬೇಡ ಅನ್ನೋಕಾಗುತ್ತಾ? ಅವರ ವಯಸ್ಸೇನು!" ಎಂದ ಕಾರಿನಲ್ಲಿ. ನನ್ನ ಮುಖ ಅವನಿಗೆ ಕಂಡಿರಲೇ ಇಲ್ಲ. ಮನೆಗೆ ಬಂದವಳೇ, ಬರುವ ಶನಿವಾರದಿಂದ ತರಗತಿ ನಮ್ಮ ಮನೆಯಲ್ಲಿ ಎಂದು ತಾಯಂದಿರಿಗೆಲ್ಲ ಬರೆದೆ. ಮೊದಲ ಫೋನ್ ಅವಳದೇ ಬಂತು, "ನಿಮ್ಮ ಹಿಂದೆ ಇದ್ದೀವಿ" ಎಂದಿದ್ದವಳದು.

"ಮನೇಲಿ ಮಾಡೋದು ಒಳ್ಳೇದೇ ರೀ. ಆದ್ರೆ ಕರ್ನಲ್ ಅಂಕಲ್‌ನ ಒಂದ್ಮಾತು ಕೇಳ್ಬಿಡಿ. ಅವರು ಹೂಂ ಅಂದ್ರೆ ಮಗಳನ್ನ ಖಂಡಿತ ಕಳಿಸ್ತೀನಿ."

ಆ ಶನಿವಾರ ಊಟದ ಮೇಜಿನ ಸುತ್ತ ಹನ್ನೊಂದು ಕುರ್ಚಿ ಹಾಕಿ ಹನ್ನೆರಡರವರೆಗೆ ಕೂತೆ. ಒಂದು ಮಗುವೂ ಬರಲಿಲ್ಲ. ನನ್ನ ಮನೆಯಲ್ಲಿ ಪಾಠ ಮಾಡಲು ಅಪ್ಪಣೆ ಬೇಕೆಂದು ಕರ್ನಲ್ಲರು ಯಾರಿಗೂ ಹೇಳಿಯೇ ಇರಲಿಲ್ಲ.