ಸವತಿಯ ಮೀನಖಂಡ

ಕಡಲತೀರದ ಹಳ್ಳಿ ಜಂಬಿಯಾನಿಯ ಹೆಂಗಸರಿಗೆ ಸೆಳೆತ ಬಂದು ಕಾಲು ಹಿಡಿದುಕೊಂಡರೆ ದೇವರಿಗಿಂತ ಮೊದಲು ಬಾಯಿಗೆ ಬರುತ್ತಿದ್ದ ಹೆಸರು ಹಿದಾಯಾಳದು. ಹಾಗೆ ಕೂಗಬಾರದೆಂದು ಮಸೀದಿಯ ಗುರುಗಳು ಹೇಳಿ ಹೇಳಿ ಸೋತಿದ್ದರು. ಸೋಲದೆ ಏನು ಮಾಡಿಯಾರು? ಅವರ ಹೆಂಡತಿಯೇ ಹಾಗೆ ಕೂಗುತ್ತಿದ್ದಳು.

ಆ ಕೆಲಸವೇ ಅಂಥದ್ದು. ಕಡಲು ಇಳಿದಾಗ ಮೊಣಕಾಲು ಮುಳುಗುವ ನೀರಿನಲ್ಲಿ ಸೊಂಟ ಬಗ್ಗಿಸಿ ನಿಂತು, ಗೂಟದಿಂದ ಗೂಟಕ್ಕೆ ಎಳೆದ ಹಗ್ಗಕ್ಕೆ ಕಡಲಪಾಚಿಯ ಎಳೆಗಳನ್ನು ಒಂದೊಂದಾಗಿ ಕಟ್ಟಬೇಕು. ಮೇಲೆ ಬಿಸಿಲು ಬೆವರಿಳಿಸುತ್ತದೆ, ಕೆಳಗೆ ಕಾಲಿಗೆ ಅಲುಗಾಟವಿಲ್ಲ. ಮೀನಖಂಡ ಗಂಟು ಕಟ್ಟದೆ ಇನ್ನೇನಾದೀತು? ಯಾರೋ ಒಬ್ಬಳು "ಅಯ್ಯೋ, ಸತ್ತೆ!" ಎಂದರೆ ಸಾಕು, ಹಿದಾಯಾ ಉಟ್ಟ ಕಂಗಾ ಬಟ್ಟೆಯನ್ನು ಮೇಲಕ್ಕೆ ಸಿಕ್ಕಿಸಿ ನೀರು ಚಿಮ್ಮಿಸುತ್ತ ಓಡುವಳು.

"ಕಾಲು ಝಾಡಿಸಬೇಡ ಕಣೇ! ಝಾಡಿಸಿದಷ್ಟೂ ಬಿಗಿಯುತ್ತೆ. ಮಂಡಿ ನೆಟ್ಟಗೆ ಮಾಡು. ಕಾಲ್ಬೆರಳು ನಿನ್ನ ಮುಖದ ಕಡೆ ಎಳಿ. ಇನ್ನೂ ಎಳಿ. ಸತ್ತೆ ಅಂತೀಯಲ್ಲ, ಸತ್ತೋರು ಇಷ್ಟು ಜೋರಾಗಿ ಕಿರಚ್ತಾರೇನೇ?"

ಮಾತು ಅದರ ಪಾಡಿಗೆ, ಕೈ ಅದರ ಪಾಡಿಗೆ. ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು, ಪಾದವನ್ನು ಮೇಲಕ್ಕೊತ್ತಿ, ಹೆಬ್ಬೆರಳಿನಿಂದ ಕೆಳಗಿನಿಂದ ಮಂಡಿಯವರೆಗೆ ಮೆಲ್ಲಗೆ ನೀವುವಳು. ಗಂಟು ಸಡಿಲವಾಗುತ್ತಿತ್ತು. ದಡಕ್ಕೆ ಬಂದ ಮೇಲೆ ಬಿಸಿ ಮರಳಿನಲ್ಲಿ ಕಾಲು ಹೂಳಿಸಿ ಕೂರಿಸಿ, ಲವಂಗ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ತಿಕ್ಕುವಳು. ಆಮೇಲೆ ಬೈಗುಳ. ಬೈಗುಳವಿಲ್ಲದೆ ಅವಳ ಮದ್ದು ಪೂರ್ತಿಯಾಗುತ್ತಿರಲಿಲ್ಲ. ಈ ವಿದ್ಯೆ ಅವಳಿಗೆ ಅಪ್ಪನಿಂದ ಬಂದದ್ದು. ಆತ ಆಕ್ಟೋಪಸ್ ಹಿಡಿಯಲು ಆಳಕ್ಕೆ ಮುಳುಗುತ್ತಿದ್ದವನು. ನೀರಿನೊಳಗೆ ಕಾಲು ಹಿಡಿದುಕೊಂಡರೆ ಗಾಬರಿಯಾದವನೇ ಮೊದಲು ಸಾಯುವುದು ಎಂದು ಮಗಳಿಗೆ ಹೇಳಿಕೊಟ್ಟಿದ್ದ.

ಪಕ್ಕದ ಹಗ್ಗಗಳ ಒಡತಿ ಕಾಜಿಜಾಳಿಗೆ ಮಾತ್ರ ತನ್ನದೇ ವೈದ್ಯ. ಮೀನಖಂಡಕ್ಕೆ ಕಪ್ಪು ದಾರ ಕಟ್ಟಿಕೊಂಡೇ ಕಡಲಿಗಿಳಿಯುತ್ತಿದ್ದಳು.

"ದಾರ ಕಟ್ಟಿದ್ರೆ ಮೇಕೆ ಓಡಿಹೋಗಲ್ಲ, ಅಷ್ಟೆ," ಎನ್ನುತ್ತಿದ್ದಳು ಹಿದಾಯಾ. "ಸೆಳೆತಕ್ಕೆ ದಾರ ಕಾಣ್ಸುತ್ತಾ?"

ರಂಜಾನ್ ತಿಂಗಳು ಬಂತೆಂದರೆ ಅವಳ ಬಾಯಿ ಇನ್ನೂ ಜೋರು. ಹೆಂಗಸರು ನಸುಕಿನಲ್ಲಿ ಎದ್ದು, ಉಪ್ಪುಮೀನು ತಿಂದು, ಸಕ್ಕರೆ ಸುರಿದ ಚಹಾ ಹೀರಿ, ದಿನದ ಉಪವಾಸಕ್ಕೆ ಅಷ್ಟು ಸಾಕೆಂದು ಮತ್ತೆ ಮಲಗಿಬಿಡುವರು. ಮನೆಮನೆಯ ಅಭ್ಯಾಸ ಅದು. "ಚಹಾ ನೀರಲ್ಲ ಕಣ್ರೇ! ಉಪ್ಪು ಒಳಗೆ ಹಾಕ್ಕೊಂಡು ನೀರು ಹಾಕ್ಕೊಳ್ಳದಿದ್ರೆ ನೀವೇ ಒಣಮೀನು ಆಗ್ತೀರಿ. ಚೊಂಬು ತುಂಬ ನೀರು ಕುಡೀರಿ, ಬಾಳೆಹಣ್ಣು ತಿನ್ರಿ," ಎಂದು ಅವಳು ಹಾದಿಯುದ್ದಕ್ಕೂ ಗದರುತ್ತಿದ್ದಳು. ಅವಳ ಉಪವಾಸವಂತೂ ಊರಿಗೇ ಮಾದರಿ. ಜ್ವರ ಬಂದಾಗಲೂ ಬಿಟ್ಟವಳಲ್ಲ. ಅದರ ಜಂಬವೂ ಇತ್ತು ಅನ್ನಿ.

ದಡದಲ್ಲಿ ಅವಳ ಕೈ ಸೋಕದ ಕಾಲು ಒಂದೇ ಒಂದು. ಅದು ಸವತಿಯದು.

ಹಿದಾಯಾಳಿಗೆ ಮಕ್ಕಳಾಗಲಿಲ್ಲ. ಗಂಡ ಮಕಾಮೆ ಕೆಟ್ಟವನಲ್ಲ. ಮೀನು ಹಿಡಿದು ತಂದು ಮನೆ ತೂಗಿಸಿದವನು. ಆದರೂ ಮಕುಂದುಚಿ ಊರಿನಿಂದ ರಿಜಿಕಿ ಎಂಬ ಎಳೆಯ ಹುಡುಗಿಯನ್ನು ಎರಡನೆಯವಳಾಗಿ ತಂದ. ಆ ದಿನ ಹಿದಾಯಾ ಅಳಲಿಲ್ಲ, ಬೈಯಲಿಲ್ಲ. "ಅವಳು ನನ್ನ ಹೊಸ್ತಿಲು ತುಳೀಬಾರದು, ನಾನು ಅವಳದು ತುಳಿಯಲ್ಲ," ಎಂದು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ. ರಿಜಿಕಿಗೆ ಎರಡು ಸಲ ಬಸುರು ನಿಂತು ಎರಡೂ ಸಲ ಇಳಿದುಹೋಯಿತು. ಎರಡನೆಯದು ಹೋದ ಸುದ್ದಿ ಕೇಳಿದಾಗ ಹಿದಾಯಾಳ ಎದೆಯಲ್ಲಿ ತಂಪೊಂದು ಹಾದುಹೋಗಿತ್ತು. ಮರುಗಳಿಗೆಯಲ್ಲೇ ಥೂ, ನಾನೂ ಒಂದು ಹೆಂಗಸೇ ಎಂದು ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಿದ್ದಳು.

ಆ ವರ್ಷ ರಂಜಾನಿನ ಹುಣ್ಣಿಮೆಯ ದೊಡ್ಡ ಇಳಿತಕ್ಕೆ ಎಲ್ಲರೂ ಕಡಲಿಗಿಳಿದಿದ್ದರು. ಕಟ್ಟಿ, ಕಿತ್ತು, ಚೀಲ ತುಂಬುವಷ್ಟರಲ್ಲಿ ಸೂರ್ಯ ನೆತ್ತಿಗೆ ಬಂದ. ನೀರು ತಿರುಗಿ ಏರತೊಡಗಿತು. ಹೆಂಗಸರು ಚೀಲ ಎಳೆದುಕೊಂಡು ದಡದ ಕಡೆ ನಡೆದರು. ಎಲ್ಲರಿಗಿಂತ ಹೊರಗಿನ ಹಗ್ಗಗಳು ಹೊಸದಾಗಿ ಬಂದವರ ಪಾಲಿಗೆ ಬೀಳುವುದು. ಅಲ್ಲಿ ರಿಜಿಕಿ ಇನ್ನೂ ಗೂಟ ಹಿಡಿದು ನಿಂತಿದ್ದಳು.

"ಅವಳು ಯಾವತ್ತೂ ಹಿಂದೇನೇ," ಎಂದಳು ಕಾಜಿಜಾ. "ಬಾರೇ, ನಿನಗ್ಯಾಕೆ ಅವಳ ಉಸಾಬರಿ?"

ಹಿದಾಯಾ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ಹುಡುಗಿ ಒಂಟಿ ಕಾಲಲ್ಲಿದ್ದಳು. ನೀರು ಅವಳ ಸೊಂಟ ಮುಟ್ಟಿತ್ತು. ಕೂಗಿದರೆ ಓಡಿ ಬರುವವಳು ಹಿದಾಯಾ ಎಂದು ಗೊತ್ತಿದ್ದರಿಂದಲೇ ಅವಳು ಕೂಗುತ್ತಿರಲಿಲ್ಲ! ಊರಿನ ಹೆಂಗಸರಲ್ಲಿ ಯಾರಿಗೂ ಈಜು ಬಾರದು. ಹೋಗಲೋ ಬೇಡವೋ ಎಂದು ಹಿದಾಯಾ ಯೋಚಿಸಿದಳೆಂದರೆ ಸುಳ್ಳಾದೀತು. ಚೀಲವನ್ನು ಕಾಜಿಜಾಳ ಮೇಲೆ ಎಸೆದು ಹೊರಟೇಬಿಟ್ಟಳು.

"ಈಗ ಎರಡೂ ಕಾಲು ಹಿಡ್ಕೊಂಡಿದೆ," ಎಂದಳು ರಿಜಿಕಿ, ಹಲ್ಲು ಕಚ್ಚಿಕೊಂಡು. ಮುಖ ಬೂದಿಯಾಗಿತ್ತು.

"ಬಾಯಿಲ್ಲವೇನೇ ನಿನಗೆ? ಗೂಟ ಬಿಡು. ನನ್ನ ಕುತ್ತಿಗೆ ಹಿಡ್ಕೋ."

ಸೊಂಟ ಬಳಸಿ ಎತ್ತಿದಾಗ ಒದ್ದೆ ಬಟ್ಟೆಯ ಕೆಳಗೆ ಗಟ್ಟಿಯಾದ ದುಂಡು ಹೊಟ್ಟೆ ಅವಳ ತೋಳಿಗೆ ಒತ್ತಿತು. ಹಿದಾಯಾ ಒಂದು ಕ್ಷಣ ನಿಂತಳು. ಎದೆಮಟ್ಟದ ನೀರಿನಲ್ಲಿ ತಡವರಿಸುತ್ತ, ಎಳೆಯುತ್ತ, ಹೊರುತ್ತ ಅವಳನ್ನು ದಡಕ್ಕೆ ತಂದು, ಪಾಚಿ ಒಣಗಿಸುವ ಗುಡಿಸಲ ಹಿಂದಿನ ಮರಳಿನಲ್ಲಿ ಕೂರಿಸಿದಳು. ಮುಂದೆ ಹೋದ ಹೆಂಗಸರು ಚೀಲದ ಪಾಚಿ ಹರವುವ ಗಡಿಬಿಡಿಯಲ್ಲಿದ್ದರು.

ಪಾದ ಮೇಲಕ್ಕೊತ್ತಿದಳು, ನೀವಿದಳು. ಒಂದು ಕಾಲು ಸಡಿಲವಾದರೆ ಇನ್ನೊಂದು ಹಿಡಿಯುತ್ತಿತ್ತು. ಅದು ಬಿಟ್ಟರೆ ಮೊದಲಿನದು. ತುಟಿ ಒಡೆದಿತ್ತು, ಚರ್ಮ ಚಿವುಟಿದರೆ ಚಿವುಟಿದ ಹಾಗೇ ನಿಲ್ಲುತ್ತಿತ್ತು. ಇದು ಕೈಗೆ ಬಗ್ಗುವ ಸೆಳೆತವಲ್ಲ, ಒಡಲಲ್ಲಿ ನೀರೇ ಇಲ್ಲ ಎಂದು ಹಿದಾಯಾಳಿಗೆ ತಿಳಿಯಿತು.

"ಎಷ್ಟು ತಿಂಗಳು?"

ರಿಜಿಕಿ ತಲೆ ತಗ್ಗಿಸಿದಳು. "ಐದು. ಯಾರಿಗೂ ಹೇಳಿಲ್ಲ. ದೃಷ್ಟಿಯಾಗುತ್ತೆ ಅಂತ." ಆಮೇಲೆ ತಡೆಯಲಾರದೆ ಅತ್ತುಬಿಟ್ಟಳು. "ಅಕ್ಕಾ, ಬೆಳಗಿಂದ ಮಿಸುಕೇ ಇಲ್ಲ."

ಅಕ್ಕಾ ಎಂದು ಅವಳು ಕರೆದದ್ದು ಅದೇ ಮೊದಲು.

ಸಂಜೆ ಉಪವಾಸ ಬಿಡಲೆಂದು ಕಡಿದಿಟ್ಟ ಎಳನೀರು ಗುಡಿಸಲಲ್ಲಿತ್ತು. ಹಿದಾಯಾ ಒಂದನ್ನು ಕೆತ್ತಿ, ಚಿಟಿಕೆ ಉಪ್ಪು ಹಾಕಿ ಮುಂದೆ ಹಿಡಿದಳು. ರಿಜಿಕಿ ಮುಖ ತಿರುಗಿಸಿದಳು.

"ಕುಡಿಯೇ. ಬಸುರಿ ಉಪವಾಸ ಬಿಡಬಹುದು ಅಂತ ಗುರುಗಳೇ ಹೇಳ್ತಾರೆ. ಆಮೇಲೆ ಹಿಡಿದು ತೀರಿಸಿದ್ರಾಯ್ತು."

"ಆಗಲ್ಲ. ಈ ಸಲ ಒಂದು ದಿನವೂ ಬಿಡಲ್ಲ ಅಂತ ಹರಕೆ ಹೊತ್ತಿದೀನಿ. ಬಿಟ್ರೆ ಇದೂ ಹೋಗುತ್ತೆ."

"ಕುಡೀದಿದ್ರೇನೇ ಹೋಗೋದು, ಪೆದ್ದೀ!"

ರಿಜಿಕಿ ಅವಳನ್ನೇ ದಿಟ್ಟಿಸಿದಳು. "ನೀನು ನನ್ನ ಸವತಿ. ನಿನ್ನ ಕೈಯಿಂದ ಹರಕೆ ಮುರಿದು, ನಾಳೆ ಇದಕ್ಕೇನಾದ್ರೂ ಆದ್ರೆ? ನಾನು ಹೇಗೆ ನಂಬಲಿ?"

ಮುಖಕ್ಕೆ ಹೊಡೆದಂಥ ಮಾತು. ಬೇರೆ ದಿನವಾಗಿದ್ದರೆ ಹಿದಾಯಾ ಏಳು ತಲೆಮಾರು ಜಾಲಾಡುತ್ತಿದ್ದಳು. ಆದರೆ ಅವಳಿಗೆ ಆ ತಂಪು ನೆನಪಾಯಿತು, ಎದೆಯಲ್ಲಿ ಹಾದುಹೋದದ್ದು. ಹುಡುಗಿ ಹೇಳುವುದರಲ್ಲಿ ತಪ್ಪೇನಿದೆ ಎನಿಸಿತು. ಬುದ್ಧಿ ಬಂದಾಗಿನಿಂದ ರಂಜಾನಿನ ಒಂದು ಉಪವಾಸವನ್ನೂ ಸುಮ್ಮನೆ ಬಿಟ್ಟವಳಲ್ಲ ಹಿದಾಯಾ. ಆ ಎಳನೀರನ್ನು ತನ್ನ ಬಾಯಿಗೇ ಇಟ್ಟು ಗಟಗಟನೆ ಅರ್ಧ ಕುಡಿದಳು.

"ನೋಡು. ನನಗೆ ಬಸುರಿಲ್ಲ, ರೋಗವಿಲ್ಲ, ಕ್ಷಮೆಯೂ ಇಲ್ಲ. ಪಾಪ ಇದ್ರೆ ನನಗೆ ಮೊದಲು ಹತ್ತಲಿ. ಈಗ ಕುಡಿ."

ರಿಜಿಕಿ ಕಾಯಿ ಇಸಿದುಕೊಂಡು ಕುಡಿದಳು. ಇನ್ನೊಂದು ಕೆತ್ತಿ ಕೊಟ್ಟರೆ ಅದನ್ನೂ ಕುಡಿದಳು. ಹಿದಾಯಾ ಅವಳನ್ನು ಎಡಗಡೆ ತಿರುಗಿಸಿ ಮಲಗಿಸಿ, ನೆರಳು ಮಾಡಿ, ಕಾಲು ನೀವುತ್ತ ಕೂತಳು. ಮೀನಖಂಡ ಬೆರಳ ಕೆಳಗೆ ಮೆತ್ತಗಾಗುತ್ತ ಬಂತು. ಎಷ್ಟೋ ಹೊತ್ತಿನ ಮೇಲೆ ರಿಜಿಕಿ ಹೊಟ್ಟೆಗೆ ಕೈ ಇಟ್ಟುಕೊಂಡು, "ಒದೀತು," ಎಂದಳು. ಹಿದಾಯಾ ಆಗ ಜೋರಾಗಿ ಅತ್ತಳು.

ಆ ಅಳು ಕೇಳಿ ಕಾಜಿಜಾ ಗುಡಿಸಲ ಹಿಂದೆ ಬಂದಳು. ಅವಳ ಕಣ್ಣು ಖಾಲಿ ಕಾಯಿಗಳ ಮೇಲೆ ಬಿತ್ತು.

"ಇದೇನೇ ಹಿದಾಯಾ? ಉಪವಾಸದ ದಿನ?"

"ಬಾಯಾರಿತ್ತು," ಎಂದಳು ಹಿದಾಯಾ. "ಕುಡಿದೆ. ಎರಡೂ ನಾನೇ."

ಊರ ಬಾಯಿಗೆ ಬೀಗ ಉಂಟೇ? ಸಂಜೆಯೊಳಗೆ ಹಳ್ಳಿಯಿಡೀ ಗೊತ್ತಾಯಿತು. ನೀರು ಸೇದುವಲ್ಲಿ, ಅಂಗಡಿಯಲ್ಲಿ, ಹಾದಿಯಲ್ಲಿ ಚುಚ್ಚುಮಾತು. "ನಮಗೆಲ್ಲ ಬುದ್ಧಿ ಹೇಳ್ತಿದ್ಲು, ಚೊಂಬು ನೀರು ಮರೆತಳೇನೋ ಪಾಪ!" ಮಕಾಮೆಯೂ ಮುಖ ಗಂಟಿಕ್ಕಿಕೊಂಡ. ಒಂದು ಮಾತಿಗೆ ಹತ್ತು ಮಾತು ಎಸೆಯುತ್ತಿದ್ದವಳು ತುಟಿಪಿಟಕ್ಕೆನ್ನಲಿಲ್ಲ. ಆ ಬಾಯಿ ಮುಚ್ಚಿಟ್ಟುಕೊಳ್ಳುವುದು ಅವಳಿಗೆ ಉಪವಾಸಕ್ಕಿಂತ ಕಷ್ಟವಾಗಿತ್ತು ಎಂದು ಬಲ್ಲವರು ಬಲ್ಲರು. ದಿನವೂ ನಸುಕಿಗೆ ಮುಂಚೆ ರಿಜಿಕಿಯ ಹೊಸ್ತಿಲು ದಾಟಿ, ಅಂಬಲಿಯನ್ನೂ ನೀರನ್ನೂ ಇಟ್ಟು, ಇವತ್ತೂ ಉಪವಾಸ ಬೇಡವೆಂದು ಗದರಿ ಬರುತ್ತಿದ್ದಳು.

ಈದ್ ಹತ್ತಿರವಾದಾಗ ಅಮಾವಾಸ್ಯೆಯ ಇಳಿತ ಬಂತು. ಹೆಂಗಸರು ಮತ್ತೆ ದಡದಲ್ಲಿ ಸೇರಿದರು. ಕಾಜಿಜಾ ಎಲ್ಲರೆದುರು ನಗುತ್ತ, "ಹಿದಾಯಾ, ಇವತ್ತು ಎಷ್ಟು ಎಳನೀರು ಕಡಿಸಿಟ್ಟಿದೀಯ?" ಎಂದಳು. ಒಂದಷ್ಟು ಜನ ಕಿಸಕ್ಕೆಂದರು.

ಹಿದಾಯಾ ಹಗ್ಗ ಬಿಡಿಸುತ್ತ ತಲೆ ಎತ್ತಲಿಲ್ಲ. ಹಿಂದಿನಿಂದ ರಿಜಿಕಿ ಬಂದಳು. ಚೀಲ ಕೆಳಗಿಟ್ಟಳು. ದೃಷ್ಟಿಗೆ ಹೆದರಿ ಗಂಡನಿಗೂ ಹೇಳದೆ ಬಚ್ಚಿಟ್ಟುಕೊಂಡಿದ್ದವಳು, ಅಷ್ಟು ಹೆಂಗಸರ ನಡುವೆ ಹೊದ್ದ ಕಂಗಾ ಸರಿಸಿ ನಿಂತಳು. ಬಿಸಿಲಲ್ಲಿ ಹೊಟ್ಟೆ ಎದ್ದು ಕಂಡಿತು.

"ಕುಡಿದದ್ದು ಇದಕ್ಕೆ. ಕುಡಿದವಳು ನಾನು. ನನಗೆ ಧೈರ್ಯ ಬರಲಿ ಅಂತ ನಮ್ಮಕ್ಕ ಮೊದಲು ಕುಡಿದ್ಲು. ಈಗ ನಗ್ರಿ."

ಕಾಜಿಜಾಳ ಕೈ ತನ್ನ ಬಾಯಿಗೆ ಹೋಯಿತು.

ಹಿದಾಯಾ ಹಗ್ಗ ಬಿಸಾಡಿ ಓಡಿಬಂದು, ಎರಡೂ ಕೈಯಿಂದ ಕಂಗಾ ಎಳೆದು ಆ ಹೊಟ್ಟೆಯನ್ನು ಮುಚ್ಚಿದಳು.

"ಮುಚ್ಕೊಳ್ಳೇ ಮುಂಡೇದೇ! ಇವರ ಕಣ್ಣು ನೋಡಿದೀಯಾ? ನಮ್ಮ ಮಗೂಗೆ ದೃಷ್ಟಿ ತಗಲುತ್ತೆ!"