ವಾಚ್ ಮಾಮನ ಕೈ ಮತ್ತು ಮಾಳಿಗೆಯ ಕಾರುಗಳು

ಹೋದ ವಾರ ನನ್ನ ಹೊಲಿಗೆ ಮಶೀನಿನ ಮೋಟಾರು ಕೆಟ್ಟಿತು. ರಿಪೇರಿಗೆ ಬಂದವನು ಮುಚ್ಚಳ ಬಿಚ್ಚಿ, ಸವೆದುಹೋದ ಕಾರ್ಬನ್ ತುಂಡು ತೆಗೆದು, ಹೊಸದು ಹಾಕಿ ಒಮ್ಮೆ ಓಡಿಸಿದ. ಒಳಗೆ ನೀಲಿ ಕಿಡಿ ಹಾರಿತು. ಅದರ ಹಿಂದೆಯೇ ಒಂದು ವಾಸನೆ ಬಂತು. ಬಿಸಿ ತಾಮ್ರ, ಸುಟ್ಟ ಎಣ್ಣೆ, ಜೊತೆಗೆ ಸಿಡಿಲು ಬಡಿದ ಮೇಲೆ ಗಾಳಿಯಲ್ಲಿ ಉಳಿಯುವಂಥ ಒಂದು ಚುರುಕು... "ಸರಿಯಾಯ್ತು ನೋಡಿ ಅಕ್ಕಾ" ಎಂದು ಅವನು ಹೇಳಿದ್ದು ಕೇಳಿಸಿತು. ಅಷ್ಟರಲ್ಲಿ ನಾನು ಕೊಪ್ಪದ ಪೇಟೆಯ ಒಂದು ಮರದ ಮಾಳಿಗೆಗೆ ಹೋಗಿಬಿಟ್ಟಿದ್ದೆ.

ಊರಿಗೆ ಮೊಬೈಲ್ ಬಂದು ಎರಡು ಮೂರು ವರ್ಷವಾಗಿತ್ತು. ಕೊಪ್ಪದ ಬಸ್‌ಸ್ಟ್ಯಾಂಡಿನಿಂದ ತುಸು ಮೇಲೆ ಒಂದು ಜೆರಾಕ್ಸ್ ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದೆ. ಆಗ ನನಗೆ ಇಪ್ಪತ್ತಮೂರು. ಬೆಳಿಗ್ಗೆ ಹರಿಹರಪುರದಿಂದ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹಿಂದಿರುಗುತ್ತಿದ್ದೆ. ನಮ್ಮ ಗೋಡೆಗೆ ಗೋಡೆ ಅಂಟಿಕೊಂಡಿದ್ದ ಅಂಗಡಿ ವಾಚ್ ರಿಪೇರಿಯವರದು. ಅವರಿಗೆ ಐವತ್ತೈದು ದಾಟಿತ್ತು, ಮದುವೆಯಾಗಿರಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲೇ ಅವರ ಅಡಿಗೆ, ಊಟ, ನಿದ್ದೆ ಎಲ್ಲ. ಪೇಟೆಯವರೆಲ್ಲ ಅವರನ್ನು ವಾಚ್ ಮಾಮ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಶೃಂಗೇರಿಯಿಂದ, ನರಸಿಂಹರಾಜಪುರದಿಂದ ಜನ ತಮ್ಮ ಅಪ್ಪನ ಕಾಲದ ಕೀಲಿ ಕೊಡುವ ವಾಚುಗಳನ್ನು ಕರವಸ್ತ್ರದಲ್ಲಿ ಸುತ್ತಿ ತಂದು ಅವರ ಮುಂದೆ ಬಿಚ್ಚುತ್ತಿದ್ದುದನ್ನು ನಾನೇ ಎಷ್ಟೋ ಸಲ ಕಂಡಿದ್ದೇನೆ. ಬೇರೆ ಕಡೆ ಆಗುವುದಿಲ್ಲ ಎಂದು ವಾಪಸು ಕಳಿಸಿದ್ದು ಅವರ ಕೈಯಲ್ಲಿ ಓಡುತ್ತಿತ್ತು.

ಕಾರುಗಳು ಅವರ ಬಳಿಗೆ ಬಂದದ್ದೂ ರಿಪೇರಿಗೇ. ಒಬ್ಬ ಕಾಫಿ ತೋಟದವರು ಮೊಮ್ಮಗನಿಗೆಂದು ವಿದೇಶದಿಂದ ತರಿಸಿದ ಆಟದ ಪೆಟ್ಟಿಗೆ ಅದು. ಕಪ್ಪು ಪಟ್ಟಿಗಳನ್ನು ಒಂದಕ್ಕೊಂದು ಸಿಕ್ಕಿಸಿದರೆ ರಸ್ತೆಯಾಗುತ್ತದೆ. ರಸ್ತೆಯ ನಡುವೆ ಉದ್ದಕ್ಕೂ ಒಂದು ಸೀಳು, ಸೀಳಿನ ಎರಡೂ ಬದಿಗೆ ಕರೆಂಟು ಹರಿಯುವ ಲೋಹದ ತಂತಿ. ಅಂಗೈಯಗಲದ ಕಾರಿನ ಅಡಿಯಲ್ಲಿರುವ ಮೊಳೆ ಆ ಸೀಳಿನಲ್ಲಿ ಕೂರುತ್ತದೆ. ಕೈಯಲ್ಲಿರುವ ಗುಂಡಿ ಒತ್ತಿದಷ್ಟು ಕಾರು ಓಡುತ್ತದೆ, ತಿರುವಿನಲ್ಲಿ ಹೆಚ್ಚು ಒತ್ತಿದರೆ ಹಾರಿ ಆಚೆ ಬೀಳುತ್ತದೆ. ಒಂದೇ ಮಳೆಗಾಲಕ್ಕೆ ತಂತಿ ತುಕ್ಕು ಹಿಡಿದು ಆಟ ನಿಂತಿತ್ತು. ಮೊಮ್ಮಗನಿಗೂ ಆಸೆ ಮುಗಿದಿತ್ತು. "ನೀವೇ ಇಟ್ಕೊಳ್ಳಿ" ಎಂದು ಅವರು ಬಿಟ್ಟು ಹೋದರಂತೆ.

ವಾಚ್ ಮಾಮ ಅದನ್ನು ಅಂಗಡಿಯ ಮಾಳಿಗೆಗೆ ಒಯ್ದು ಕಾಲು ಕೊಟ್ಟು ನಿಲ್ಲಿಸಿದ ದೊಡ್ಡ ಪ್ಲೈವುಡ್ಡಿನ ಮೇಲೆ ಹಾಸಿದರು. ಸಾಲದ್ದಕ್ಕೆ ತಾವೇ ಮರದಲ್ಲಿ ಸೀಳು ಕೊರೆದು, ಹಳೆಯ ಟ್ರಾನ್ಸ್‌ಫಾರ್ಮರಿನ ತಾಮ್ರದ ಪಟ್ಟಿ ಕೂರಿಸಿ ರಸ್ತೆಯನ್ನು ಬೆಳೆಸಿದರು. ನಾನು ಮೊದಲ ಸಲ ಮೆಟ್ಟಿಲು ಹತ್ತಿ ನೋಡಿದಾಗ ಅದು ಕೋಣೆಯ ಮುಕ್ಕಾಲು ಭಾಗವನ್ನು ತುಂಬಿತ್ತು. ಭಾನುವಾರ ಮಧ್ಯಾಹ್ನ ಹತ್ತು ಹನ್ನೆರಡು ಜನ ಗಂಡಸರು ಅಲ್ಲಿ ಸೇರುತ್ತಿದ್ದರು. ಮೆಡಿಕಲ್ ಶಾಪಿನವರು, ಮೆಣಸೆ ಊರಿನ ಇಬ್ಬರು ಅಣ್ಣತಮ್ಮಂದಿರು, ಒಬ್ಬ ಮೇಷ್ಟ್ರು... ಬಂದವರೆಲ್ಲ ಸ್ಟಾಪ್‌ವಾಚ್ ಹಿಡಿದು ಮಕ್ಕಳಂತೆ ಕೂಗಾಡುವರು.

ಅವರಿಗೆ ಓಡಿಸುವ ಹುಚ್ಚು. ವಾಚ್ ಮಾಮನಿಗೆ ಓಡಿಸುವುದಕ್ಕಿಂತ ಸರಿ ಮಾಡುವ ಹುಚ್ಚು. ರಬ್ಬರಿನಿಂದ ತಂತಿಯನ್ನು ಇಂಚಿಂಚೂ ಉಜ್ಜಿ, ಬೆರಳ ತುದಿಯಷ್ಟು ಎಣ್ಣೆ ಸವರಿ ಬಟ್ಟೆಯಲ್ಲಿ ಒರೆಸುವರು. ಟಯರನ್ನು ಮರಳುಕಾಗದದ ಮೇಲೆ ತಿರುಗಿಸಿ ತಿರುಗಿಸಿ ದುಂಡಗೆ ಮಾಡುವರು. ಮಳೆಗಾಲದಲ್ಲಿ ಪ್ಲೈವುಡ್ಡು ಉಬ್ಬಬಾರದೆಂದು ಅದರ ಅಡಿಗೆ ಹಗಲೆಲ್ಲ ಬಲ್ಬು ಉರಿಸಿಡುವರು.

"ವೇಗ ಮೋಟಾರಲ್ಲಿ ಉಂಟು ಅಂತ ಇವರ ಲೆಕ್ಕ" ಎಂದರು ಒಂದು ದಿನ. "ಅಲ್ಲ ಮಾರಾಯ್ತಿ. ತಡೆ ಎಲ್ಲಿ ಉಂಟು ಅಂತ ಹುಡುಕ್ಬೇಕು. ಅದನ್ನ ತೆಗೆದ್ರೆ ಅದು ತನ್ನಷ್ಟಕ್ಕೆ ಓಡ್ತದೆ."

ಅವರ ಕೈ ನಡುಗುತ್ತದೆಂದು ನನಗೆ ತಿಳಿದದ್ದು ಒಂದು ಮಧ್ಯಾಹ್ನ. ಚಿಲ್ಲರೆ ಕೇಳಲು ಹೋಗಿದ್ದೆ. ಮೇಜಿನ ಮೇಲೆ ಬಿಚ್ಚಿದ ಒಂದು ವಾಚು. ಅವರು ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದರು. ಚಿಮಟ ಮೇಜಿನ ಗಾಜಿನ ಮೇಲೆ ಟಿಕ್ ಟಿಕ್ ಎಂದು ಬಡಿಯುತ್ತಿತ್ತು. ನನ್ನನ್ನು ನೋಡಿ ಕೈಯನ್ನು ತಟ್ಟನೆ ಮೇಜಿನ ಕೆಳಗೆ ಇಳಿಸಿದರು.

"ನಿಂಗೆ ಸೂಜಿಗೆ ನೂಲು ಹಾಕ್ಲಿಕ್ಕೆ ಬರ್ತದಾ?" ಎಂದರು.

"ಬರ್ತದೆ."

"ಹಾಗಾದ್ರೆ ಬಾ, ಈ ಸ್ಕ್ರೂ ಕೂರಿಸು."

ಹಾಗೆ ಶುರುವಾಯಿತು. ಮಧ್ಯಾಹ್ನ ನಮ್ಮ ಅಂಗಡಿಯಲ್ಲಿ ಜನ ಇರುತ್ತಿರಲಿಲ್ಲ. ಊಟದ ಡಬ್ಬಿ ಮುಗಿಸಿ ನಾನು ಅಲ್ಲಿಗೆ ಹೋಗುವೆ. ಅವರು ಪಕ್ಕದಲ್ಲಿ ಕೂತು ಬಾಯಲ್ಲಿ ಹೇಳುವರು, ನಾನು ಮಾಡುವೆ. ವಾಚಿನ ಕೆಲಸಕ್ಕಿಂತ ಕಾರಿನದು ನನಗೆ ಬೇಗ ಹತ್ತಿತು. ಎರಡು ಹಲ್ಲುಚಕ್ರಗಳ ನಡುವೆ ಕಾಗದದ ಚೂರು ಇಟ್ಟು ಅಂತರ ಹೊಂದಿಸುವುದು, ರಸ್ತೆಯಿಂದ ಕರೆಂಟು ಎತ್ತುವ, ಕಾರಿನ ಅಡಿಯ ತಾಮ್ರದ ಜಡೆ ತಂತಿಯನ್ನು ಬಿಡಿಸಿ ಶುಚಿ ಮಾಡಿ ಎಷ್ಟು ಬೇಕೋ ಅಷ್ಟೇ ಬಗ್ಗಿಸುವುದು, ಕಾರಿನ ಹೊಟ್ಟೆಯ ಅಯಸ್ಕಾಂತವನ್ನು ಹಳೆಯ ರಸ್ತೆಯ ಕಬ್ಬಿಣದ ತಂತಿಯತ್ತ ಕೂದಲೆಳೆಯಷ್ಟು ಇಳಿಸಿ ತಿರುವಿನಲ್ಲಿ ಕಾರು ಹಾರದಂತೆ ಮಾಡುವುದು ಎಲ್ಲ ಕಲಿತೆ. ರಸ್ತೆಯ ದೂರದ ಮೂಲೆಯಲ್ಲಿ ಕಾರು ಸುಸ್ತಾಗುತ್ತದೆ ಎಂದು ಎಲ್ಲರೂ ದೂರುತ್ತಿದ್ದರು. ಅಲ್ಲಿಗೆ ಕರೆಂಟು ಸರಿಯಾಗಿ ತಲುಪುತ್ತಿಲ್ಲ, ಬೇರೆಯೇ ಒಂದು ವಯರು ಎಳೆಯೋಣ ಎಂದು ಹೇಳಿದವಳು ನಾನು. ಪ್ಲೈವುಡ್ಡಿನ ಕೆಳಗೆ ಅಂಗಾತ ಮಲಗಿ ಬೆಸುಗೆ ಹಾಕಿದ್ದೂ ನಾನೇ. ಮೊದಲ ಸಲ ಕಾರು ಆ ಮೂಲೆಯಲ್ಲಿ ಒಂದೇ ಸಮನೆ ಹೋದಾಗ ಅವರು ನನ್ನ ಕಡೆ ತಿರುಗಿ ನೋಡಿದ ನೋಟ... ಅಂಥ ಸಂತೋಷವನ್ನು ನಾನು ಯಾರ ಮುಖದಲ್ಲೂ ಅಷ್ಟು ಹತ್ತಿರದಿಂದ ಕಂಡಿರಲಿಲ್ಲ.

"ಯಾರ ಹತ್ರಾನೂ ಹೇಳ್ಬೇಡ" ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ವಾಚ್ ರಿಪೇರಿಯವನ ಕೈ ನಡುಗುತ್ತದೆ ಎಂದರೆ ಮುಂದೆ ಏನಾಗುತ್ತದೆಂದು ಯಾರಿಗೆ ತಿಳಿಯದು? ಡಾಕ್ಟರಿಗೆ ತೋರಿಸಿ ಎಂದು ನಾನು ಎರಡು ಮೂರು ಸಲ ಹೇಳಿದೆ. "ನೋಡುವ" ಎಂದು ಅವರು ಮಾತು ತಿರುಗಿಸಿದರು.

ವರ್ಷವಾಗುತ್ತ ಬಂದಂತೆ ನನ್ನೊಳಗೆ ಇನ್ನೊಂದು ಆಸೆ ಬೆಳೆಯತೊಡಗಿತು, ಈ ಕೆಲಸ ನನ್ನದೆಂದು ಅವರು ಒಮ್ಮೆ ಹೇಳಲಿ ಎಂದು. ಭಾನುವಾರ ನಮಗೆ ರಜೆ. ಏನಾದರೂ ನೆವ ಹೇಳಿ ಬಸ್ಸು ಹತ್ತಿ ಬರುತ್ತಿದ್ದೆ. ಬಂದವಳು ಮೆಟ್ಟಿಲ ಬಳಿ ನಿಂತಿರುವೆ. ಬಿದ್ದ ಕಾರು ಎತ್ತಿ ಕೊಡುವೆ, ಕೆಳಗಿನಿಂದ ಚಹಾ ತರುವೆ. "ನಿಮ್ಮ ಕೈಯೇ ಕೈ ಮಾಮ" ಎಂದು ಅವರನ್ನು ಎಲ್ಲರೂ ಹೊಗಳುವರು. ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಗುವರು. ಒಮ್ಮೆಯಾದರೂ ನನ್ನ ಕಡೆ ನೋಡುವರೇನೋ ಎಂದು ಕಾಯುತ್ತಿದ್ದೆ. ನೋಡುತ್ತಿರಲಿಲ್ಲ.

ಆ ಭಾನುವಾರ ನರಸಿಂಹರಾಜಪುರದ ಕಡೆಯಿಂದ ನಾಲ್ಕು ಜನ ತಮ್ಮದೇ ಕಾರು ತಂದಿದ್ದರು. ಮಾಳಿಗೆ ತುಂಬಿತ್ತು. ಓಟದ ನಡುವೆ ನಮ್ಮ ಕಾರು ಒಂದು ಕಡೆ ಎಳೆಯತೊಡಗಿತು. ಜಡೆ ತಂತಿಯ ಒಂದು ಎಳೆ ಬಾಗಿದೆ ಎಂದು ನನಗೆ ಸದ್ದಿನಿಂದಲೇ ಗೊತ್ತಾಯಿತು. ಅಭ್ಯಾಸಬಲದಿಂದ ಮುಂದೆ ಹೋಗಿ ಕಾರು ಎತ್ತಿದೆ.

"ಏಯ್, ಇಡು ಇಡು" ಎಂದ ಬಂದವರಲ್ಲಿ ಒಬ್ಬ. "ಅದೇನು ಒಗ್ಗರಣೆ ಸೌಟಾ? ಮಾಮನ ಕೈಗೆ ಕೊಡು. ನೀನು ಹೋಗಿ ಚಹಾ ಆಯ್ತಾ ನೋಡು."

ಎಲ್ಲರೂ ನಕ್ಕರು. ನಾನು ವಾಚ್ ಮಾಮನ ಮುಖ ನೋಡಿದೆ. ಅವರೂ ನಗುತ್ತಿದ್ದರು. ಈಗ ಯೋಚಿಸಿದರೆ ಅದು ನಗುವೇ ಆಗಿರಲಿಲ್ಲ, ಹೆದರಿಕೆಯಾಗಿತ್ತು. ಆ ಹೊತ್ತಿಗೆ ನನಗೆ ಕಂಡದ್ದು ನಗು ಮಾತ್ರ.

"ಈ ಕಾರು ಕಟ್ಟಿದ್ದು ನಾನು" ಎಂದೆ. ನನ್ನ ದನಿ ನನಗೇ ಅಪರಿಚಿತವಾಗಿ ಕೇಳಿಸಿತು. "ಒಂದು ವರ್ಷದಿಂದ ಇಲ್ಲಿನ ಎಲ್ಲ ಕಾರೂ ನಾನೇ ಮಾಡ್ತಿರೋದು. ಇವರ ಕೈಯಲ್ಲಿ ಸ್ಕ್ರೂ ನಿಲ್ಲೋದಿಲ್ಲ. ಬೇಕಾದ್ರೆ ನೀವೇ ನೋಡಿ."

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಮೇಜಿನ ಮೇಲಿದ್ದ ಚಿಮಟ ತೆಗೆದು ಅವರ ಮುಂದೆ ಹಿಡಿದೆ.

ಅವರು ಬೇಡ ಎನ್ನಬಹುದಿತ್ತು. ನನ್ನನ್ನು ಬೈದು ಕಳಿಸಬಹುದಿತ್ತು. ಬೆನ್ನ ಹಿಂದಿನಿಂದ ಬಲಗೈಯನ್ನು ನಿಧಾನವಾಗಿ ತಂದು ಚಿಮಟ ತೆಗೆದುಕೊಂಡರು. ಕಾರನ್ನು ತಿರುವಿ ಹಿಡಿದು ಆ ಎಳೆಯನ್ನು ಹಿಡಿಯಲು ಹೋದರು. ಚಿಮಟ ಕಾರಿನ ಅಡಿಗೆ ಬಡಿಯಿತು, ಮತ್ತೆ ಬಡಿಯಿತು. ಮೇಷ್ಟ್ರು ಬಂದು ಅವರ ಕೈಯಿಂದ ಮೆಲ್ಲನೆ ಕಾರು ತೆಗೆದುಕೊಂಡು, "ಸಾಕು ಬಿಡಿ ಮಾಮ, ಇವತ್ತಿಗೆ ಸಾಕು" ಎಂದರು.

ಒಬ್ಬೊಬ್ಬರಾಗಿ ಇಳಿದು ಹೋದರು. ಯಾರೂ ನನ್ನ ಕಡೆ ನೋಡಲಿಲ್ಲ.

ಮರುದಿನ ಯಾರೋ ಬಂದು ರಿಪೇರಿಗೆ ಕೊಟ್ಟಿದ್ದ ವಾಚು ವಾಪಸು ಕೇಳಿದರು. "ಅವಸರ ಇತ್ತು, ಹಾಗೆ..." ಎಂದರು. ವಾರದೊಳಗೆ ಇನ್ನೂ ನಾಲ್ಕು ಹೋದವು. ಯಾರೂ ಕೆಟ್ಟ ಮಾತಾಡಲಿಲ್ಲ. ಎಲ್ಲರೂ ಮೊದಲಿಗಿಂತ ಮೆತ್ತಗೆ, ಕಾಯಿಲೆಯವರ ಹತ್ತಿರ ಮಾತಾಡುವ ಹಾಗೆ ಮಾತಾಡಿದರು. ಅದನ್ನು ಗೋಡೆಯ ಈಚೆಯಿಂದ ಕೇಳುತ್ತ ನಾನು ಕಾಗದಗಳನ್ನು ಮಶೀನಿಗೆ ತುಂಬುತ್ತಿದ್ದೆ.

ಹತ್ತು ಹನ್ನೆರಡು ದಿನ ಕಳೆದು ಧೈರ್ಯ ಮಾಡಿ ಹೋದೆ. ಅವರು ಖಾಲಿ ಮೇಜಿನ ಮುಂದೆ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರು ಮಾತಾಡಿದರು.

"ನೀ ಹೇಳಿದ್ದು ಸುಳ್ಳಲ್ಲ. ನಿನ್ನ ಕೆಲಸ ನಿಂದು ಅಂತ ನಾನು ಹೇಳ್ಬೇಕಿತ್ತು, ಹೇಳ್ಲಿಲ್ಲ. ಅದು ನನ್ನ ತಪ್ಪೇ. ಆದ್ರೆ ಕೈ ನಂದು ಮಾರಾಯ್ತಿ. ಅದನ್ನ ಹೇಳೋದು ನಂದಾಗಿತ್ತು."

ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆನೇನೋ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ತಪ್ಪಾಯಿತು ಎನ್ನಬೇಕೆಂದಿದ್ದೆ. ಹೊರಗೆ ಯಾರೋ ಜೆರಾಕ್ಸ್ ಮಾಡಿಸಲು ಬಂದು ಕೂಗಿದರು. ಅದೇ ನೆವ ಸಿಕ್ಕಿತೆಂದು ಎದ್ದು ಬಂದೆ.

ಆಮೇಲೆ ಭಾನುವಾರಗಳು ನಿಂತುಹೋದವು. ದಸರೆ ಕಳೆಯುವಷ್ಟರಲ್ಲಿ ಅವರು ಅಂಗಡಿ ಖಾಲಿ ಮಾಡಿ ನರಸಿಂಹರಾಜಪುರದ ತಂಗಿಯ ಮನೆಗೆ ಹೋದರು. ಹೋಗುವ ದಿನ ನನಗೆ ಹೇಳಲಿಲ್ಲ. ಬೆಳಿಗ್ಗೆ ಬಸ್ಸಿಳಿದು ಬಂದಾಗ ಬಾಗಿಲಿಗೆ ಬೀಗ ಇತ್ತು. ಪ್ಲೈವುಡ್ಡನ್ನು ಯಾರೋ ಒಯ್ದರು. ಕಾರುಗಳು ಏನಾದವೋ ತಿಳಿಯಲಿಲ್ಲ.

ಅವರನ್ನು ನೋಡಲು ಹೋಗಲು ನನಗೆ ಒಂದೂವರೆ ವರ್ಷ ಹಿಡಿಯಿತು. ಅಷ್ಟರಲ್ಲಿ ನನ್ನ ಮದುವೆ ಗೊತ್ತಾಗಿತ್ತು. ಮೆಡಿಕಲ್ ಶಾಪಿನವರಿಂದ ದಾರಿ ಕೇಳಿಕೊಂಡು, ಕಾಗದದ ಚೀಲದಲ್ಲಿ ಸ್ವಲ್ಪ ಹಣ್ಣು ಹಿಡಿದು ಆ ಮನೆಯ ಜಗಲಿ ಹತ್ತಿದೆ. ಅವರು ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಿದ್ದರು. ತೆಳ್ಳಗಾಗಿದ್ದರು. ಈಗ ನಡುಗುತ್ತಿದ್ದದ್ದು ಒಂದೇ ಕೈಯಲ್ಲ. ನನ್ನನ್ನು ಗುರುತು ಹಿಡಿದು, "ಬಂದ್ಯಾ, ಕೂತ್ಕೊ" ಎಂದರು. ಮಾತು ಕಷ್ಟದಿಂದ ಬರುತ್ತಿತ್ತು.

ತಂಗಿ ಒಳಗಿನಿಂದ ತಟ್ಟೆಯಲ್ಲಿ ಅನ್ನ ಕಲಸಿ ತಂದರು. "ನೀ ಯಾರು ಅಂತ ಗೊತ್ತಾಗ್ಲಿಲ್ಲ" ಎಂದರು ನನಗೆ.

"ಕೊಪ್ಪದಲ್ಲಿ ಇವರ ಪಕ್ಕದ ಅಂಗಡಿಯಲ್ಲಿದ್ದೆ."

"ಹೌದಾ? ಅಣ್ಣ ಹೇಳ್ಲೇ ಇಲ್ಲ ನೋಡು. ಎಷ್ಟು ಚೆಂದ ನಡೀತಿದ್ದ ಅಂಗಡಿ, ಯಾಕೆ ಮುಚ್ಚಿದೆ ಅಂತ ಕೇಳಿದ್ರೆ, 'ಎಲ್ಲರ ಕೈಗೂ ಮೊಬೈಲ್ ಬಂತು, ಇನ್ನು ವಾಚ್ ಯಾರು ಕಟ್ತಾರೆ' ಅಂದ. ಅಷ್ಟೇ."

ನಾನು ಅವರ ಕಡೆ ನೋಡಿದೆ. ಅವರು ಅಂಗಳದ ಕಡೆ ಮುಖ ಮಾಡಿದ್ದರು.

ತಂಗಿ ತುತ್ತು ಮಾಡಿ ಬಾಯಿಯ ಹತ್ತಿರ ತಂದರು. ಅವರು ತುಟಿ ಬಿಗಿ ಹಿಡಿದರು. ಎರಡು ಸಲ, ಮೂರು ಸಲ... ತಂಗಿಗೆ ಅರ್ಥವಾಗಲಿಲ್ಲ, ಬೇಸರದಿಂದ ಗೊಣಗಿದರು. ನನಗೆ ಅರ್ಥವಾಯಿತು. ನನ್ನ ಎದುರಿಗೆ ಅವರು ಇನ್ನೊಬ್ಬರ ಕೈಯಿಂದ ಉಣ್ಣುವವರಲ್ಲ. "ಬಸ್ಸಿಗೆ ಹೊತ್ತಾಯ್ತು" ಎಂದು ಎದ್ದೆ. ಗೇಟಿನ ಹತ್ತಿರ ಹೋಗಿ ಚಪ್ಪಲಿ ಹಾಕಿಕೊಳ್ಳುವಾಗ ತಂಗಿಯ ದನಿ ಕೇಳಿಸಿತು: "ಹಾಂ, ಈಗ ಬಾಯಿ ತೆಗ್ದ ನೋಡು."

ವಾಚ್ ಮಾಮ ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಇಪ್ಪತ್ತು ದಿನ ತಡವಾಗಿ. ಆಗ ನಾನು ಶಿವಮೊಗ್ಗದಲ್ಲಿ, ಗಂಡನ ಮನೆಯಲ್ಲಿದ್ದೆ. ಯಾರ ಹತ್ತಿರ ಹೇಳಿಕೊಳ್ಳುವುದೆಂದು ತಿಳಿಯದೆ ಆ ದಿನ ಸುಮ್ಮನೆ ಬಟ್ಟೆ ಒಗೆದೆ.

ಈಗಲೂ ನನ್ನನ್ನು ಕಾಡುವುದು ಅವರು ತಂಗಿಗೆ ಹೇಳಿದ ಆ ಮೊಬೈಲಿನ ಮಾತು. ನನ್ನನ್ನು ಕಾಪಾಡಲು ಹಾಗೆಂದರೋ, ತಮ್ಮ ಮಾನ ಉಳಿಸಿಕೊಳ್ಳಲೋ... ಅಥವಾ ಆ ಒಂದು ವರ್ಷ ಅವರ ಪಕ್ಕದಲ್ಲಿ ನಾನಿದ್ದೆ ಎಂಬುದನ್ನೇ ಬದುಕಿನಿಂದ ತೆಗೆದುಹಾಕಿದ್ದರೋ. ಕೇಳೋಣವೆಂದರೆ ಅವರಿಲ್ಲ. ಮೋಟಾರು ರಿಪೇರಿಯವನು ಹೋದ ಮೇಲೆ ಬಹಳ ಹೊತ್ತು ಹಾಗೆಯೇ ಕೂತಿದ್ದೆ. ಅಂದು ಮಾಳಿಗೆಯಲ್ಲಿ ನಾನು ಆಡಿದ್ದರಲ್ಲಿ ಒಂದು ಮಾತೂ ಸುಳ್ಳಾಗಿರಲಿಲ್ಲ. ಇಷ್ಟು ವರ್ಷವಾದರೂ, ಅದನ್ನು ನನಗೆ ನಾನೇ ಹೇಳಿಕೊಳ್ಳುವಾಗ ದನಿ ಅಡಗುತ್ತದೆ.